ಅರಿಶಿನದ ಹಾಲು: ಸುಮ್ನೆ ಪುಡಿ ಕಲಕಿದರೆ ಸಾಲದು

ಗಂಟಲು ಕೆರೆತ ಶುರುವಾದರೆ ನಮ್ಮ ಮೈಸೂರಿನ ಮನೆಗಳಲ್ಲಿ ಮೊದಲು ನೆನಪಾಗುವುದು ಅರಿಶಿನದ ಹಾಲು. ಆದರೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಕಾದ ಹಾಲಿಗೆ ಪುಡಿ ಉದುರಿಸಿ, ಕಲಕಿ ಕೊಟ್ಟುಬಿಡುತ್ತಾರೆ. ಹಸಿ ವಾಸನೆ ಹಾಗೇ ಇರುತ್ತದೆ. ಪುಡಿಯೆಲ್ಲ ಲೋಟದ ತಳಕ್ಕೆ. ಮಕ್ಕಳು ಪಾಪ, ಮುಖ ಕಿವುಚಿಕೊಂಡು ಕುಡಿಯುತ್ತಾರೆ.

ಮೊದಲು ಪುಡಿ. ಪೂಜೆಗೆ ಅಂತ ಮಾರುವ ಅರಿಶಿನ ಹೊಟ್ಟೆಗೆ ಬೇಡವೇ ಬೇಡ. ದೇವರಾಜ ಮಾರುಕಟ್ಟೆ ಕಡೆ ಹೋದಾಗ ಅಡುಗೆ ಅರಿಶಿನದ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿ. ಕಣ್ಣು ಕುಕ್ಕುವಷ್ಟು ಹಳದಿ ಇರುವ ಕೊಂಬು ಮುಟ್ಟಬೇಡಿ. ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಬಳಿಯುವವರಿದ್ದಾರೆ, ಅದರಲ್ಲಿ ಸೀಸ ಇರುತ್ತದೆ.

ಕೆಡುವುದು ಈ ಮುಂದಿನ ಹಂತದಲ್ಲಿ. ಅರಿಶಿನದ ಸತ್ವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅದಕ್ಕೇ ತುಪ್ಪ ಬೇಕು. ಒಂದು ಲೋಟಕ್ಕೆ ಅರ್ಧ ಚಮಚ ತುಪ್ಪವನ್ನು ಒಗ್ಗರಣೆ ಸೌಟಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಕುಟ್ಟಾಣಿಯಲ್ಲಿ ತರಿಯಾಗಿ ಕುಟ್ಟಿದ 4 ಮೆಣಸಿನ ಕಾಳು ಹಾಕಿ. ಘಮ ಬಂದ ತಕ್ಷಣ ಒಲೆ ಆರಿಸಿ, ಆಮೇಲೆ ಕಾಲು ಚಮಚ ಅರಿಶಿನ ಹಾಕಿ. ಉರಿ ಇರುವಾಗಲೇ ಹಾಕಿದರೆ ನೋಡನೋಡುತ್ತಲೇ ಸೀದು ಕಹಿಯಾಗುತ್ತದೆ. ಸೌಟಿನ ಬಿಸಿಯಲ್ಲೇ ಎರಡು ಸುತ್ತು ತಿರುಗಿಸಿ, ಹಸಿ ವಾಸನೆ ಹೋದ ಕೂಡಲೇ ಕುದಿಯುವ ಹಾಲಿಗೆ ಸುರಿಯಿರಿ. ಸಣ್ಣ ಉರಿಯಲ್ಲಿ ಮೂರು ನಿಮಿಷ ಬಿಟ್ಟು ಇಳಿಸಿ.

ಖಾರ ಅಂತ ಮೆಣಸು ಬಿಡಬೇಡಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಕರ್ಕ್ಯುಮಿನ್ ಮೈಗೆ ಸೇರುವುದು ಸುಮಾರು 20 ಪಟ್ಟು ಜಾಸ್ತಿಯಾಗಿತ್ತು. ನಮ್ಮ ಕಾಲು ಚಮಚ ಪುಡಿಯಲ್ಲಿ ಅಷ್ಟು ಕರ್ಕ್ಯುಮಿನ್ ಇರುವುದಿಲ್ಲ. ಇರುವ ಸ್ವಲ್ಪವೂ ದಂಡವಾಗಬಾರದು, ಅಲ್ವಾ?

ಸಿಹಿಗೆ ನನ್ನ ಆಯ್ಕೆ ಮಂಡ್ಯದ ಕಪ್ಪು ಬೆಲ್ಲ. ಬೆಳ್ಳಗಿರುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವುದುಂಟು. ಹಾಲು ಇಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ಅರಿಶಿನದ ಹಾಲಿಗೆ ಅಂತ ರೆಡಿ ಪ್ಯಾಕೆಟ್ ಪುಡಿ ತರುವವರು ಹಿಂಬದಿ ಓದಿ ನೋಡಿ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಸಕ್ಕರೆಯೇ ಜಾಸ್ತಿ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಇದು ಗಂಟಲಿಗೆ ಹಿತ ಕೊಡುತ್ತದೆ, ಜ್ವರಕ್ಕೆ ಔಷಧಿಯಲ್ಲ. ಮೂರು ದಿನವಾದರೂ ಜ್ವರ ಬಿಡದಿದ್ದರೆ, ಉಸಿರಾಡಲು ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕುಡಿಯಲು ಸ್ಟೀಲ್ ಲೋಟವೇ ಇರಲಿ. ಪ್ಲಾಸ್ಟಿಕ್ಕಿಗೆ ಹಿಡಿದ ಅರಿಶಿನದ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.