ಹವಾಲ್ದಾರರೊಂದಿಗೆ ಪ್ಲಟೂನ್ ನಡೆಸುವ ಬಗೆ: ಹೊಸ ಲೆಫ್ಟಿನೆಂಟರಿಗೆ

ಡೆಹ್ರಾಡೂನ್ ಅಥವಾ ಚೆನ್ನೈನ ಅಕಾಡೆಮಿ ಮುಗಿಸಿ ಪದಾತಿದಳದ ಪ್ಲಟೂನಿಗೆ (ಮೂರು ಸೆಕ್ಷನ್ನುಗಳ ತುಕಡಿ) ಬರುವ ಯುವ ಅಧಿಕಾರಿಯು ಮೊದಲು ಪ್ಲಟೂನಿನ ಸುಬೇದಾರ್ ಸಾಹೇಬರನ್ನು (ಹವಾಲ್ದಾರರಿಗಿಂತ ಮೇಲಿನ ದರ್ಜೆಯವರು) ಕಾಣಬೇಕು; ಆಮೇಲೆ ಮೂವರು ಸೆಕ್ಷನ್ ಕಮಾಂಡರುಗಳನ್ನು ಒಬ್ಬೊಬ್ಬರಾಗಿ ಕರೆದು ಕೂರಿಸಿ, ಅವರ ಮಾತನ್ನು ಕೇಳಬೇಕು. ಈ ಸೆಕ್ಷನ್ ಕಮಾಂಡರುಗಳೇ ಹವಾಲ್ದಾರರು; ಸುಮಾರು ಹತ್ತು ಜವಾನರ ಸೆಕ್ಷನ್ ನಡೆಸುವ ಅವರು ಸಿಪಾಯಿಯಾಗಿ ಸೇರಿ ಮೇಲೆ ಬಂದವರು. ಯಾರ ಗುರಿ ಪಕ್ಕಾ, ಯಾರ ಮೊಣಕಾಲು ನೋಯುತ್ತಿದೆ, ಯಾರ ಊರಲ್ಲಿ ಜಮೀನಿನ ವ್ಯಾಜ್ಯ ನಡೆದಿದೆ ಎಂಬುದೆಲ್ಲ ಅವರಿಗೆ ಗೊತ್ತು.

ಹೊಸಬರು ಹೆಚ್ಚಾಗಿ ಎಡವುವುದು ಆದೇಶ ಕೊಡುವಲ್ಲಿ. ರಾತ್ರಿ ಗಸ್ತಿಗೆ ಹೊರಡುವ ಮುನ್ನ ನೆಲದ ಮೇಲೆ ಮಣ್ಣಿನ ಮಾದರಿ ಮಾಡಿ, ಗಸ್ತಿನ ಉದ್ದೇಶ, ಹಿಂತಿರುಗುವ ವೇಳೆ ಮತ್ತು ದಾಟಬಾರದ ಗಡಿಯನ್ನು ಸ್ಪಷ್ಟಪಡಿಸಿ, ಸೆಕ್ಷನ್ ಹೇಗೆ ಸಾಗಬೇಕೆಂಬುದನ್ನು ಹವಾಲ್ದಾರರ ಬಾಯಿಂದಲೇ ಹೇಳಿಸಬೇಕು. ಅನುಭವಿ ಹವಾಲ್ದಾರರು ಹೊರಡುವ ಮೊದಲು ಪ್ರತಿಯೊಬ್ಬ ಜವಾನನನ್ನೂ ನಿಂತಲ್ಲೇ ಕುಪ್ಪಳಿಸಲು ಹೇಳುತ್ತಾರೆ. ಸಡಿಲವಾದ ಬಕಲ್ಲೋ ಅರ್ಧ ತುಂಬಿದ ನೀರಿನ ಬಾಟಲಿಯೋ ಸದ್ದು ಮಾಡಿದರೆ ಅಲ್ಲಿಯೇ ಸರಿಪಡಿಸುತ್ತಾರೆ. ಆ ಹೊತ್ತಿನಲ್ಲಿ ಅಧಿಕಾರಿಯು ಪಕ್ಕದಲ್ಲಿ ನಿಂತು ನೋಡಬೇಕೇ ಹೊರತು ಆ ಕೆಲಸವನ್ನು ತನ್ನ ಕೈಗೆ ತೆಗೆದುಕೊಳ್ಳಬಾರದು.

ಹವಾಲ್ದಾರರ ಮೇಲೆ ಈ ನಂಬಿಕೆ ಏಕೆ ಬೇಕೆಂದರೆ, ಕಾಳಗದಲ್ಲಿ ಅಧಿಕಾರಿಯು ಎಲ್ಲ ಕಡೆಯೂ ಇರಲಾರ. 1948ರ ಫೆಬ್ರವರಿ 6ರಂದು, ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ, ಜಮ್ಮುವಿನ ನೌಶೇರಾ ಬಳಿಯ ತೈನ್‌ಧಾರ್‌ನಲ್ಲಿ ಒಂಬತ್ತು ಜನರ ಮುಂಚೂಣಿ ಠಾಣೆಯನ್ನು ಕಾಯುತ್ತಿದ್ದವರು ರಜಪೂತ್ ರೆಜಿಮೆಂಟಿನ ನಾಯಕ್ (ಹವಾಲ್ದಾರರಿಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ) ಜದುನಾಥ್ ಸಿಂಗ್. ಅಲೆ ಅಲೆಯಾಗಿ ಬಂದ ದಾಳಿಯಲ್ಲಿ ಸಂಗಡಿಗರೆಲ್ಲ ಗಾಯಗೊಂಡರೂ ಮಡಿದರೂ, ಕೊನೆಗೆ ಒಬ್ಬರೇ ಸ್ಟೆನ್ ಗನ್ ಹಿಡಿದು ಮುನ್ನುಗ್ಗಿ ಠಾಣೆ ಉಳಿಸಿದರು, ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಅಂಥ ಗಳಿಗೆಯಲ್ಲಿ ತಾನೇ ನಿರ್ಧರಿಸುವ ಶಕ್ತಿ, ದಿನನಿತ್ಯದ ಕೆಲಸದಲ್ಲಿ ನಿರ್ಧರಿಸಲು ಬಿಟ್ಟವರಲ್ಲಿ ಮಾತ್ರ ಬೆಳೆಯುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಹವಾಲ್ದಾರರ ತಪ್ಪನ್ನು ಜವಾನರ ಎದುರಿಗೆ ಎತ್ತಿ ಆಡಬಾರದು. ಜವಾನನೊಬ್ಬ ರಜೆ ಕೇಳಿ ನೇರವಾಗಿ ಬಂದರೆ, ಮೊದಲು ಸೆಕ್ಷನ್ ಕಮಾಂಡರರ ಅಭಿಪ್ರಾಯ ಪಡೆಯಬೇಕು.

ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನ ಕಮಾಂಡೋ ಕೋರ್ಸಿಗೆ ಹೆಸರು ಕಳುಹಿಸುವಾಗ, ಬಿಟ್ಟಿರಲು ಕಷ್ಟವೆನಿಸುವ ಅತ್ಯುತ್ತಮ ನಾಯಕ್‌ ಹೆಸರನ್ನೇ ಕೊಡಬೇಕು. ಅವರು ಹಿಂತಿರುಗುವವರೆಗೆ ಅವರ ಕೆಲಸವನ್ನು ಒಂದು ಮೆಟ್ಟಿಲು ಕೆಳಗಿನ ಲ್ಯಾನ್ಸ್ ನಾಯಕ್‌ಗೆ ಪೂರ್ತಿಯಾಗಿ ವಹಿಸಿದರೆ, ಮುಂದಿನ ಸೆಕ್ಷನ್ ಕಮಾಂಡರ್ ಅಲ್ಲಿಯೇ ಪಳಗುತ್ತಾರೆ.