ಒಂದೇ ಹಾಡು, ಎರಡು ರೆಕಾರ್ಡಿಂಗ್: ಮೋಟರ್‌ಹೆಡ್ ಕೇಳಿದ್ದು ಹೀಗೆ

ಬದಿಯಡ್ಕದ ಆಚೀಚೆ ಯಕ್ಷಗಾನದ ಆಟಕ್ಕೆ ಮೈಕ್ ಕಟ್ಟುವುದು ನನ್ನ ಕೆಲಸ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ, ಆಮೇಲೆ ಕೆಲಸ ಕಮ್ಮಿ. ಹೋದ ಮಳೆಗಾಲದಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಮೋಟರ್‌ಹೆಡ್‌ನ ಮೊದಲ ಎರಡು ರೆಕಾರ್ಡಿಂಗ್ ಹಿಡಿದುಕೊಂಡು ಕೂತೆ: ಹಳೆಯದು 'ಆನ್ ಪೆರೋಲ್', ಇನ್ನೊಂದು ಬ್ಯಾಂಡಿನ ಹೆಸರಿನದ್ದೇ 1977ರ ಆಲ್ಬಮ್.

ಮೊದಲು ಫೋನಿನಲ್ಲೇ ಕೇಳಿ, 1977ರದ್ದು ಬರೀ ಗಲಾಟೆ, ಹಳೆಯದೇ ಚೆಂದ ಅಂತ ತೀರ್ಪು ಕೊಟ್ಟುಬಿಟ್ಟಿದ್ದೆ. ತಪ್ಪು ನನ್ನದೇ. ಒಂದರ ಸೌಂಡ್ ಜಾಸ್ತಿ ಇತ್ತು, ಇನ್ನೊಂದರದ್ದು ಕಮ್ಮಿ. ಜಾಸ್ತಿ ಇದ್ದದ್ದು ಕಿವಿಗೆ ಚೆಂದ ಅಂತಲೇ ಅನಿಸುತ್ತದೆ, ಮೈಕ್‌ನವನಾಗಿ ನನಗೆ ಇದು ಗೊತ್ತಿರಬೇಕಿತ್ತು ಅಲ್ವಾ? ಆಮೇಲೆ ಲ್ಯಾಪ್‌ಟಾಪಿಗೆ ಹಾಕಿ ಎರಡನ್ನೂ ಒಂದೇ ಮಟ್ಟಕ್ಕೆ ತಂದೆ. ದೊಡ್ಡ ಹೆಡ್‌ಫೋನ್ ಹಾಕಿದೆ. ಎರಡರಲ್ಲೂ ಇರುವ ಹಾಡು ಐದು. ಅವನ್ನು ಮಾತ್ರ ಒಂದಾದ ಮೇಲೊಂದು ಕೇಳಿದೆ.

'ಆನ್ ಪೆರೋಲ್' ರೆಕಾರ್ಡ್ ಆದದ್ದು 1975-76ರಲ್ಲಿ. ಕಂಪನಿ ಅದನ್ನು ಮೂಲೆಗೆ ಹಾಕಿ, ಬ್ಯಾಂಡ್‌ಗೆ ಹೆಸರು ಬಂದ ಮೇಲೆ, 1979ರಲ್ಲಿ ಹೊರಗೆ ತಂದಿತು. ಕೇಳಲು ಶುದ್ಧ ಉಂಟು, ಗಿಟಾರ್ ಬೇರೆ, ಬೇಸ್ ಬೇರೆ. ಆದರೆ ಡ್ರಮ್ಸ್ ಯಾಕೋ ಪಕ್ಕದ ಮನೆಯಿಂದ ಬಂದ ಹಾಗೆ. ಕಾರಣ ಆಮೇಲೆ ತಿಳಿಯಿತು: ಲೂಕಸ್ ಫಾಕ್ಸ್ ಬಾರಿಸಿದ್ದನ್ನು ತೆಗೆದು, ಹೊಸದಾಗಿ ಬಂದ ಫಿಲ್ ಟೇಲರ್ ಕೈಯಲ್ಲಿ ಮತ್ತೆ ಬಾರಿಸಿದ್ದರು, ಅಂದರೆ ಉಳಿದವರದ್ದೆಲ್ಲ ಮೊದಲೇ ಮುಗಿದಿತ್ತು. ಭಾಗವತರ ಪದ ರೆಕಾರ್ಡ್ ಮಾಡಿಟ್ಟು, ಚೆಂಡೆಯವರನ್ನು ವಾರ ಬಿಟ್ಟು ಕರೆದು "ಇದಕ್ಕೆ ಬಾರಿಸಿ" ಅಂದರೆ ಹೇಗಾಗುತ್ತದೆ ಮಾರಾಯ್ರೇ? ತಾಳ ತಪ್ಪುವುದಿಲ್ಲ, ಪದ ಮಾತ್ರ ಏರುವುದಿಲ್ಲ.

1977ರದ್ದು ಒಂದು ಸಿಂಗಲ್‌ಗೆ ಅಂತ ಸಿಕ್ಕಿದ ಎರಡು ದಿನದಲ್ಲಿ ಆದದ್ದು. ಅಷ್ಟರಲ್ಲೇ ಆಲ್ಬಮ್ಮಿಗೆ ಆಗುವಷ್ಟು ಬಾರಿಸಿದರು. ಗಿಟಾರಿಗೆ ಎಡ್ಡಿ ಕ್ಲಾರ್ಕ್. ಬ್ಯಾಂಡಿನ ಹಾಡುಗಾರ ಲೆಮ್ಮಿ ಬೇಸಿನಲ್ಲಿ ಒಂಟಿ ಸ್ವರ ಹಿಡಿಯುವ ಬದಲು ಗಿಟಾರಿನ ಹಾಗೆ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಬಾರಿಸುತ್ತಾನೆ, ಮಾರ್ಷಲ್ ಆಂಪಿನಲ್ಲಿ ಮಿಡ್ (ದಪ್ಪಕ್ಕೂ ತೆಳುವಿಗೂ ನಡುವಿನ ಸದ್ದು) ಏರಿಸಿ. ಗಿಟಾರ್ ಇರುವ ಜಾಗಕ್ಕೇ ಬೇಸೂ ಬಂದು ಕೂರುತ್ತದೆ. ನನ್ನ ಫೋನಿನಲ್ಲಿ ಗಲಾಟೆ ಅನಿಸಿದ್ದು ಇದೇ. ನನ್ನ ಮಿಕ್ಸರಿನಲ್ಲಿ ಹೀಗಾದರೆ ಕೂಡಲೇ ಒಂದನ್ನು ಇಳಿಸುತ್ತೇನೆ. ಇಲ್ಲಿ ಇಳಿಸಿದರೆ ಹಾಡೇ ಹೋಯಿತು. ಪಂಕ್‌ನ ಹುಡುಗರಿಗೂ ಮೆಟಲ್‌ನವರಿಗೂ ಒಟ್ಟಿಗೇ ಹಿಡಿಸಿದ್ದು ಈ ಕೆಸರೇ ಅಂತ ನನ್ನ ಲೆಕ್ಕ.

ಐದರಲ್ಲಿ ನಾಲ್ಕಕ್ಕೆ ನನ್ನ ಓಟು 1977ಕ್ಕೆ. 'ಲಾಸ್ಟ್ ಜಾನಿ' ಮಾತ್ರ ಹಳೆಯದೇ ಇಷ್ಟವಾಯಿತು, ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ನೋಡಿದರೆ, 'ಆನ್ ಪೆರೋಲ್'ನಲ್ಲಿ ಫಾಕ್ಸ್‌ನ ಡ್ರಮ್ಸ್ ಅಳಿಸದೆ ಉಳಿಸಿಕೊಂಡ ಒಂದೇ ಹಾಡು ಅದು.