ಆಕೆ ತೆರೆಯ ಮೇಲಿರುವಷ್ಟು ಹೊತ್ತು: ಪೋಷಕ ನಟಿಯೊಬ್ಬರ ಸಿನಿಮಾ, ಧಾರಾವಾಹಿಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುವ ಬಗೆ

ನಾಯಕ ನಟನ ಮೇಲೆ ಪಾಡ್‌ಕಾಸ್ಟ್ ಮಾಡುವುದು ಸಲೀಸು. ಚಿತ್ರದ ಕಥೆಯೇ ಅವನ ಕಥೆ. ಟೈಟಲ್ ಕಾರ್ಡಿನಿಂದ ಶುಭಂವರೆಗೆ ಹೇಳುತ್ತ ಹೋದರೆ ಕಂತು ಮುಗಿಯುತ್ತದೆ. ಪೋಷಕ ನಟಿಯ ವಿಷಯದಲ್ಲಿ ಅದೇ ದಾರಿ ಹಿಡಿದರೆ ಮೂರನೇ ಕಂತಿಗೇ ಗಾಡಿ ನಿಲ್ಲುತ್ತದೆ. ಎರಡೂಕಾಲು ಗಂಟೆಯ ಚಿತ್ರದಲ್ಲಿ ಆಕೆ ಬರುವುದು ಹತ್ತು–ಹನ್ನೆರಡು ನಿಮಿಷ ಅನ್ನಿ. ಪೂರ್ತಿ ಕಥೆ ಹೇಳುತ್ತ ಕೂತರೆ ಆಕೆಯ ಪಾಲಿಗೆ ಉಳಿಯುವುದು ‘ಇವರೂ ಚೆನ್ನಾಗಿ ಮಾಡಿದ್ದಾರೆ’ ಎಂಬ ಒಂದು ವಾಕ್ಯ. ಆದ್ದರಿಂದ ಕಂತನ್ನು ಸಿನಿಮಾದ ಅಳತೆಯಲ್ಲಿ ಕಟ್ಟಬೇಡಿ, ದೃಶ್ಯದ ಅಳತೆಯಲ್ಲಿ ಕಟ್ಟಿ. ಚಿತ್ರದ ಕಥೆಗೆ ಮೂರು ನಿಮಿಷ ಸಾಕು. ಉಳಿದದ್ದೆಲ್ಲ ಆಕೆಯ ದೃಶ್ಯಗಳಿಗೆ.

ಉದಾಹರಣೆಗೆ ಇಲ್ಲಿ ಉಮಾಶ್ರೀಯವರನ್ನು ಇಟ್ಟುಕೊಂಡಿದೆ. ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವ, 1984ರಲ್ಲಿ ಕಾಶೀನಾಥರ ‘ಅನುಭವ’, ಆಮೇಲೆ ವರ್ಷಗಟ್ಟಲೆ ಎನ್.ಎಸ್. ರಾವ್, ಮೈಸೂರು ಲೋಕೇಶ್ ಮೊದಲಾದವರ ಜೊತೆ ಹಾಸ್ಯದ ಜೋಡಿ, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ (2008) ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ, 2013ರಿಂದ 2018ರವರೆಗೆ ತೇರದಾಳದ ಶಾಸಕಿ, ಸಚಿವೆ, 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’. ಒಬ್ಬರೇ ನಟಿಯಲ್ಲಿ ನಾಟಕ, ಕಮರ್ಷಿಯಲ್ ಹಾಸ್ಯ, ಕಲಾತ್ಮಕ ಚಿತ್ರ, ದಿನದ ಧಾರಾವಾಹಿ ನಾಲ್ಕೂ ಸಿಗುವುದರಿಂದ, ಕೆಲಸದ ತೊಡಕುಗಳೂ ನಾಲ್ಕು ಬಗೆಯವು.

ಪಟ್ಟಿ ಮೊದಲು, ಮೈಕ್ ಆಮೇಲೆ

ಮೊದಲ ತಿಂಗಳು ಏನೂ ರೆಕಾರ್ಡ್ ಮಾಡಬೇಡಿ. ಒಂದು ಸ್ಪ್ರೆಡ್‌ಶೀಟ್ ತೆರೆದು ಚಿತ್ರ, ವರ್ಷ, ನಿರ್ದೇಶಕ, ಪಾತ್ರದ ಹೆಸರು, ಎದುರು ನಟಿಸಿದವರು, ಪ್ರತಿ ಎಲ್ಲಿ ಸಿಕ್ಕಿತು, ಟೈಟಲ್ ಕಾರ್ಡಿನಲ್ಲಿ ಹೆಸರು ಇದೆಯೇ ಎಂಬ ಏಳು ಕಾಲಂ ಹಾಕಿ. ಕೊನೆಯ ಕಾಲಂ ತುಂಬುವವರೆಗೆ ಆ ಸಾಲನ್ನು ಖಚಿತ ಎಂದುಕೊಳ್ಳಬೇಡಿ. ಅಂತರ್ಜಾಲದ ಚಿತ್ರಪಟ್ಟಿಗಳು ಒಂದನ್ನೊಂದು ನಕಲು ಮಾಡಿ ಬೆಳೆದವು. ಒಂದೇ ಹೆಸರಿನ ಎರಡು ಚಿತ್ರಗಳು ಅಲ್ಲಿ ಅದಲುಬದಲಾಗಿರುತ್ತವೆ. ಚಿತ್ರದ ಹಳೆಯ ಹಾಡಿನ ಪುಸ್ತಕ ಸಿಕ್ಕರೆ ಬಿಡಬೇಡಿ, ತಾರಾಗಣ ಅದರಲ್ಲಿ ಅಚ್ಚಾಗಿರುತ್ತದೆ.

ವರ್ಷದ ವಿಷಯದಲ್ಲಿ ಒಂದು ಎಚ್ಚರ. ಚಿತ್ರದ ಆರಂಭದಲ್ಲಿ ಬರುವ ಸೆನ್ಸಾರ್ ಪತ್ರದ ದಿನಾಂಕ ಪ್ರಮಾಣೀಕರಣದ್ದು, ಬಿಡುಗಡೆಯದ್ದಲ್ಲ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಮಾರ್ಚಿನಲ್ಲಿ ಥಿಯೇಟರಿಗೆ ಬಂದ ಚಿತ್ರಕ್ಕೆ ಎರಡು ವರ್ಷ ಅಂಟಿಕೊಳ್ಳುತ್ತದೆ. ಯಾವುದಾದರೂ ಒಂದನ್ನೇ ಕೊನೆವರೆಗೆ ಪಾಲಿಸಿ.

ಆ ಸೆನ್ಸಾರ್ ಪತ್ರವನ್ನು ಮಾತ್ರ ಓಡಿಸಿಬಿಡಬೇಡಿ, ಅದರಲ್ಲಿ ಚಿನ್ನದಂಥ ಅಂಕಿ ಇದೆ: ಚಿತ್ರದ ಉದ್ದ, ಮೀಟರುಗಳಲ್ಲಿ. 35 ಎಂಎಂ ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಪತ್ರದಲ್ಲಿ 3800 ಮೀಟರ್ ಎಂದಿದ್ದರೆ ಚಿತ್ರ 139 ನಿಮಿಷ ಇರಬೇಕು. ನಿಮ್ಮ ಕೈಲಿರುವ ಪ್ರತಿ 133 ನಿಮಿಷ ಇದ್ದರೆ ಗಾಬರಿ ಬೇಡ: ಟಿವಿಗೆ, ವಿಸಿಡಿಗೆ ಇಳಿಸುವಾಗ ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25ರ ವೇಗದಲ್ಲಿ ಓಡಿಸಿರುತ್ತಾರೆ, ಶೇಕಡ 4ರಷ್ಟು ಕಾಲ ಹಾಗೆಯೇ ಕರಗುತ್ತದೆ. 118 ನಿಮಿಷ ಮಾತ್ರ ಇದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ. ಆಗ ಹೋಗಿರುವುದು ಬಹುತೇಕ ಹಾಡು, ಇಲ್ಲವೇ ಮುಖ್ಯ ಕಥೆಗೆ ಅಂಟದ ಹಾಸ್ಯದ ಟ್ರ್ಯಾಕು. ಅಂದರೆ ನೀವು ಹುಡುಕಿಕೊಂಡು ಬಂದ ನಟಿಯೇ ಅಲ್ಲಿಲ್ಲ! ಅಂಥ ಪ್ರತಿ ನೋಡಿ ‘ಈ ಚಿತ್ರದಲ್ಲಿ ಅವರಿಗೆ ಎರಡೇ ದೃಶ್ಯ’ ಎಂದು ಹೇಳಿಬಿಟ್ಟರೆ, ಟಾಕೀಸಿನಲ್ಲಿ ನೋಡಿದ ಕೇಳುಗರು ಮರುದಿನವೇ ಕಿವಿ ಹಿಂಡುತ್ತಾರೆ.

ಅದೇ ಶೇಕಡ 4ರ ವೇಗ ಧ್ವನಿಯನ್ನೂ ಸುಮಾರು ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಅಂತರ) ಮೇಲೇರಿಸುತ್ತದೆ. ನಟಿಯ ಕಂಠದ ಬಗ್ಗೆ ಮಾತಾಡುವವರಿಗೆ ಇದು ಚಿಲ್ಲರೆ ವಿಷಯವಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ಪ್ಲೇಬ್ಯಾಕ್ ವೇಗವನ್ನು 0.96ಕ್ಕೆ ಇಳಿಸಿದರೆ ಮಾತಿನ ಲಯ ಸರಿಹೋಗುತ್ತದೆ. ಆದರೆ ಅದು ಶ್ರುತಿಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಶ್ರುತಿಯೂ ಇಳಿಯಬೇಕಿದ್ದರೆ ಧ್ವನಿಯನ್ನು ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶಕ್ಕೆ ತಂದು ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ (ಹಳೆಯ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ಬಳಸಿ, ‘ಚೇಂಜ್ ಟೆಂಪೊ’ ಅಲ್ಲ. ಹಳೆಯ ವಿಸಿಡಿ ಸಿಕ್ಕಿದ್ದರೆ ಅದರ ಎಂಪಿಇಜಿಎವಿ (MPEGAV) ಫೋಲ್ಡರಿನಲ್ಲಿರುವ ಡಾಟ್ ಡ್ಯಾಟ್ (.DAT) ಫೈಲನ್ನು ವಿಎಲ್‌ಸಿ ನೇರವಾಗಿ ತೆರೆಯುತ್ತದೆ. ಗೀರು ಬಿದ್ದ ಡಿಸ್ಕನ್ನು ಮತ್ತೆ ಮತ್ತೆ ಓಡಿಸದೆ ಮೊದಲು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನಕಲನ್ನು ನೋಡಿ.

ನೋಡುವುದು ಎರಡು ಸಲ

ಮೊದಲ ಸಲ ಪೆನ್ನು ಮುಟ್ಟದೆ ಇಡೀ ಚಿತ್ರ ನೋಡಿ. ಎರಡನೇ ಸಲ ಆಕೆಯ ದೃಶ್ಯಗಳನ್ನಷ್ಟೇ. ಪ್ರತಿ ದೃಶ್ಯಕ್ಕೆ ಬರೆದುಕೊಳ್ಳಬೇಕಾದದ್ದು: ಆರಂಭ ಮತ್ತು ಅಂತ್ಯದ ಸಮಯ, ಆಕೆ ಒಳಗೆ ಬರುವ ರೀತಿ, ಕೈಯಲ್ಲಿ ಏನಿದೆ, ಮೊದಲ ಮಾತು, ಮಾತಿಲ್ಲದಾಗ ಏನು ಮಾಡುತ್ತಿದ್ದಾರೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪೋಷಕ ನಟರ ಅರ್ಧ ಕೆಲಸ ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು. ನಾಯಕಿ ಅಳುವಾಗ ಹಿಂದೆ ನಿಂತವರ ಸೆರಗು, ಕೈ, ಕಣ್ಣು ಎಲ್ಲಿದ್ದವು ಎಂಬುದೇ ನಿಮ್ಮ ಕಂತಿನ ಸರಕು.

ಮಾತಿನ ಧಾಟಿಗೆ ಬೇರೆ ಕಾಲಂ. ಹಳೇ ಮೈಸೂರಿನ ಹಳ್ಳಿ ಪಾತ್ರವೆಂದರೆ ಹಕಾರ ಎಲ್ಲಿ ಬಿದ್ದುಹೋಯಿತು, ‘ಬರ್ತೀನಿ’ ಎಲ್ಲಿ ‘ಬತ್ತೀನಿ’ ಆಯಿತು, ಒಂದೇ ಪಾತ್ರ ಕೋಪದಲ್ಲಿ ಒಂದು ಕನ್ನಡ, ದುಃಖದಲ್ಲಿ ಇನ್ನೊಂದು ಕನ್ನಡ ಆಡುತ್ತದೆಯೇ ಎಂದು ಗುರುತಿಸಿ. ‘ಗುಲಾಬಿ ಟಾಕೀಸ್’ ನಡೆಯುವುದು ಕುಂದಾಪುರದ ಕರಾವಳಿಯ ಮೀನುಗಾರರ ನಡುವೆ. ಗುಲಾಬಿ ಅಲ್ಲಿನ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಬೆಂಗಳೂರಿನ ಇಬ್ಬರು ಕೂತು ಆ ಭಾಷೆಯನ್ನು ‘ಸಹಜವಾಗಿದೆ’ ಎಂದು ಹೊಗಳಿದರೆ ಅದಕ್ಕೆ ತೂಕವಿಲ್ಲ. ಕುಂದಾಪ್ರ ಮಾತು ಮನೆಮಾತಾಗಿರುವ ಒಬ್ಬರನ್ನು ಆ ಕಂತಿಗೆ ಕರೆಯಿರಿ. ವೈದೇಹಿಯವರ ಮೂಲ ಕಥೆಯನ್ನೂ ಓದಿಕೊಂಡು ಬನ್ನಿ. ಕಥೆಯಿಂದ ಸಿನಿಮಾ ಎಷ್ಟು ದೂರ ಸರಿದಿದೆ ಎಂದು ತಿಳಿಯದಿದ್ದರೆ, ನಟಿ ಕಟ್ಟಿದ್ದು ಯಾವುದು, ಚಿತ್ರಕಥೆ ಕೊಟ್ಟಿದ್ದು ಯಾವುದು ಎಂದು ಬಿಡಿಸಿ ಹೇಳಲಾಗದು.

ಹಾಸ್ಯದ ಚಿತ್ರಗಳೇ ಕಷ್ಟದವು, ಆದ್ದರಿಂದಲೇ ಹೆಚ್ಚು ಹೊತ್ತು ಬೇಡುವವು. ದ್ವಂದ್ವಾರ್ಥದ ಸಂಭಾಷಣೆಯನ್ನು ಮುಜುಗರದಿಂದ ದಾಟಿಸಿಬಿಡುವುದು ಒಂದು ತಪ್ಪು. ಎಲ್ಲವನ್ನೂ ‘ಆ ಕಾಲ ಹಾಗಿತ್ತು’ ಎಂದು ಮುಚ್ಚಿಹಾಕುವುದು ಇನ್ನೊಂದು. ಸಾಲು ಯಾರ ಬಾಯಲ್ಲಿದೆ, ನಗು ಯಾರ ಮೇಲೆ ಬೀಳುತ್ತದೆ, ಸಾಲು ಮುಗಿದ ಮೇಲೆ ನಟಿ ಎಷ್ಟು ಹೊತ್ತು ಕಾದು ಉತ್ತರ ಕೊಡುತ್ತಾರೆ ಎಂದು ನೋಡಿ. ಕಾಯುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆಯಬಹುದು. ಅರ್ಧ ಸೆಕೆಂಡಿನ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ, ಮತ್ತು ರಂಗಭೂಮಿಯಿಂದ ಬಂದವರ ಟೈಮಿಂಗ್ ಬಗ್ಗೆ ಬರೀ ಹೊಗಳಿಕೆ ಮೀರಿ ಏನಾದರೂ ಹೇಳಲು ಇದೊಂದೇ ದಾರಿ. ಇಂಥ ನಾಲ್ಕೈದು ಚಿತ್ರಗಳನ್ನು ಸೇರಿಸಿ, ಜೋಡಿಯ ಹೆಸರಿನಲ್ಲಿ ಒಂದೇ ಕಂತು ಮಾಡಿ. ಚಿತ್ರಕ್ಕೊಂದು ಕಂತು ಎಂದು ಹೊರಟರೆ ಹೇಳಿದ್ದನ್ನೇ ಹೇಳಬೇಕಾಗುತ್ತದೆ.

ಧಾರಾವಾಹಿಯದು ಶುದ್ಧ ಗಣಿತದ ಸಮಸ್ಯೆ. ಜಾಹೀರಾತು ತೆಗೆದು ಸಂಚಿಕೆಗೆ 21 ನಿಮಿಷ ಎಂದರೂ 100 ಸಂಚಿಕೆಗೆ 35 ಗಂಟೆ. ಪೂರ್ತಿ ನೋಡುವ ಶಪಥ ಮಾಡಿದವರು ಸಾಮಾನ್ಯವಾಗಿ ಪಾಡ್‌ಕಾಸ್ಟನ್ನೇ ನಿಲ್ಲಿಸುತ್ತಾರೆ. ಮೊದಲ 10 ಸಂಚಿಕೆ ಪೂರ್ತಿ ನೋಡಿ. ಪಾತ್ರದ ಬುನಾದಿ ಅಲ್ಲಿದೆ: ಗಂಡ ಬಿಟ್ಟುಹೋದ ಪುಟ್ಟಕ್ಕ, ಮೂವರು ಹೆಣ್ಣುಮಕ್ಕಳು, ಆಕೆ ನಡೆಸುವ ಮೆಸ್ಸು. ಆಮೇಲೆ ಮದುವೆ, ಸಾವು, ಗುಟ್ಟು ರಟ್ಟಾಗುವುದು ಇಂಥ ತಿರುವು ಬರುವ ನಾಲ್ಕು ವಾರಗಳನ್ನು ಆರಿಸಿ ಸೋಮವಾರದಿಂದ ಶುಕ್ರವಾರದವರೆಗೆ ನೋಡಿ. ಇದಕ್ಕೆ ಜೊತೆಯಾಗಿ ಏನೂ ನಡೆಯದ ಒಂದು ವಾರವೂ ಇರಲಿ. ಒಂದೇ ಮುಖಭಾವವನ್ನು ಮೂರು ಕೋನದಿಂದ ಮೂರು ಸಲ ತೋರಿಸಿ ಢಂ ಎನ್ನಿಸುವ ವಾರದಲ್ಲಿ ನಟಿ ಆ ಮುಖದೊಳಗೆ ಏನು ತುಂಬುತ್ತಾರೆ ಎಂಬುದು ತಿರುವಿನ ವಾರಕ್ಕಿಂತ ಹೆಚ್ಚು ಹೇಳುತ್ತದೆ. ಯಾವ ಸಂಚಿಕೆಗಳನ್ನು ನೋಡಿದ್ದೀರಿ ಎಂದು ಕಂತಿನ ಆರಂಭದಲ್ಲೇ ಹೇಳಿಬಿಡಿ.

ಕೋಣೆ ಮತ್ತು ಮೈಕ್

ದುಬಾರಿ ಕಂಡೆನ್ಸರ್ ಮೈಕ್ ಬೇಡ. ನಮ್ಮ ಮನೆಗಳಲ್ಲಿ ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಯುಎಸ್‌ಬಿ ಇರುವ ಡೈನಾಮಿಕ್ ಮೈಕ್ ಆಗಬಹುದು, ತಲೆಗೊಂದರಂತೆ. ಇಬ್ಬರ ನಡುವೆ ಒಂದೇ ಮೈಕ್ ಇಟ್ಟರೆ ಇಬ್ಬರೂ ಬಾವಿಯೊಳಗಿಂದ ಮಾತಾಡಿದಂತಿರುತ್ತದೆ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನಿಂದ ಒಂದು ಮುಷ್ಟಿಯಷ್ಟು ಅಂತರ ಇರಲಿ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ. ಪಕಾರ, ಭಕಾರದ ಗಾಳಿ ಪಕ್ಕಕ್ಕೆ ಹೋಗುತ್ತದೆ. ಜೋರಾಗಿ ನಕ್ಕಾಗಲೂ ಮೀಟರು ಮೈನಸ್ 6 ಡಿಬಿ ದಾಟಬಾರದು, ಸಾಮಾನ್ಯ ಮಾತು ಮೈನಸ್ 12ರ ಆಸುಪಾಸು. ಫ್ಯಾನ್ ಆರಿಸಿ. ಗಾಡ್ರೆಜ್ ಬೀರು ಇರುವ ಕೋಣೆ ಬಿಟ್ಟು ಹಾಸಿಗೆ, ರಜಾಯಿ ಇರುವ ಕೋಣೆ ಹಿಡಿಯಿರಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಚಾರ್ಜರಿನ ಗುಂಯ್ ಎಂಬ ಸದ್ದು ಆಮೇಲೆ ತೆಗೆಯುವುದು ರಗಳೆ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್ ಫೈಲ್ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಜಾಗ ಮೊದಲೇ ನೋಡಿಕೊಳ್ಳಿ.

ಸಹನಿರೂಪಕರು ಹೊರದೇಶದಲ್ಲಿದ್ದರೆ ವಿಡಿಯೊ ಕರೆಯ ಧ್ವನಿಯನ್ನೇ ಬಳಸಬೇಡಿ. ಇಬ್ಬರೂ ತಮ್ಮ ತಮ್ಮ ಕಡೆ ರೆಕಾರ್ಡ್ ಮಾಡಿ ಫೈಲ್ ಕಳಿಸಿಕೊಳ್ಳಬೇಕು. ಆರಂಭದಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಎರಡು ಕಂಪ್ಯೂಟರುಗಳ ಗಡಿಯಾರ ಸಮನಾಗಿ ಓಡದೆ ಗಂಟೆ ಕಳೆಯುವಷ್ಟರಲ್ಲಿ ಮಾತು ಮಾತಿನ ಮೇಲೆ ಹತ್ತತೊಡಗುತ್ತದೆ. ಎರಡನೇ ಚಪ್ಪಾಳೆ ಇದ್ದರೆ ಎಷ್ಟು ಎಳೆಯಬೇಕೆಂದು ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಇಲ್ಲಿನ ರಾತ್ರಿ 8 ಎಂದರೆ ಬೇಸಿಗೆಯಲ್ಲಿ ಬೆಳಗಿನ 7.30, ಚಳಿಗಾಲದಲ್ಲಿ 6.30. ಅಲ್ಲಿನ ಗಡಿಯಾರ ಬದಲಾಗುವ ನವೆಂಬರಿನ ಮೊದಲ ವಾರ ಯಾರಾದರೊಬ್ಬರು ಒಂದು ಗಂಟೆ ಮೊದಲೋ ತಡವಾಗಿಯೋ ಬಂದೇ ಬರುತ್ತಾರೆ.

ಎಡಿಟಿಂಗಿನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಸಕಾರ ಶಕಾರ ಚುಚ್ಚಿದರೆ ಡಿ-ಎಸ್ಸರ್ ಹಾಕಿ, ಒಟ್ಟು ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ), ಶಿಖರ ಮೈನಸ್ 1 ಡಿಬಿ. 96 ಕೆಬಿಪಿಎಸ್ ಮೊನೊ ಎಂಪಿ3 ಆದರೆ 45 ನಿಮಿಷಕ್ಕೆ 32 ಎಂಬಿ. ಮಾತಿನ ನಡುವಿನ ಎಲ್ಲ ಮೌನವನ್ನೂ ಯಂತ್ರದ ಕೈಗೆ ಕೊಟ್ಟು ತೆಗೆಸಬೇಡಿ, ದೃಶ್ಯ ನೆನೆಸಿಕೊಳ್ಳಲು ಕೇಳುಗರಿಗೆ ಅದೇ ಬಿಡುವು.

ಚಿತ್ರದ ತುಣುಕು

30 ಸೆಕೆಂಡಿನೊಳಗೆ ಬಳಸಿದರೆ ತೊಂದರೆಯಿಲ್ಲ ಎಂಬುದು ಬರೀ ಬಾಯಿಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಲೆಕ್ಕವಿಲ್ಲ. 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಅಂದರೆ ತುಣುಕಿನ ಹಿಂದೆ ಮುಂದೆ ನಿಮ್ಮ ವಿಶ್ಲೇಷಣೆ ಇರಬೇಕು, ವಿಶ್ಲೇಷಣೆಗೆ ಬೇಕಾದಷ್ಟೇ ತುಣುಕು ಇರಬೇಕು. ಹಾಡನ್ನಂತೂ ಮುಟ್ಟಬೇಡಿ: ಯೂಟ್ಯೂಬಿನ ಸ್ವಯಂಚಾಲಿತ ಗುರುತಿಸುವಿಕೆಗೆ ಕಲಮು ಗಿಲಮು ತಿಳಿಯದು, ಕೆಲವೇ ಸೆಕೆಂಡಿನ ಟ್ಯೂನು ಹಿಡಿದು ಕ್ಲೇಮ್ ಹಾಕುತ್ತದೆ. ಸಂಭಾಷಣೆಯ ಹಿನ್ನೆಲೆಯಲ್ಲಿ ಸಂಗೀತವಿದ್ದರೂ ಇದೇ ಗತಿ. ತುಣುಕು ಹಾಕುವ ಬದಲು ದೃಶ್ಯವನ್ನು ಬಾಯಲ್ಲಿ ಕಟ್ಟಿಕೊಡಲು ಕಲಿತರೆ ಈ ತಾಪತ್ರಯವೇ ಇಲ್ಲ. ಆದರೆ ಮಿಮಿಕ್ರಿ ಬೇಡ. ನಟಿಯ ಮನೆ, ಮದುವೆ, ಜಾತಿ ಕುರಿತ ಹರಟೆಯೂ ಬೇಡ. ರಾಜಕೀಯ ಬಂದರೆ ಯಾವ ವರ್ಷಗಳಲ್ಲಿ ಚಿತ್ರಗಳು ಏಕೆ ಕಡಿಮೆಯಾದವು ಎಂಬಷ್ಟಕ್ಕೆ ಬರಲಿ.

ಏರಿಸುವಾಗ

ಮುಖಪುಟದ ಚಿತ್ರ ಚೌಕವಾಗಿರಲಿ, 3000 ಪಿಕ್ಸೆಲ್. ಪೋಸ್ಟರಿನಿಂದ ಮುಖ ಕತ್ತರಿಸಿ ಅಂಟಿಸುವ ಬದಲು ಬರೆಸಿಕೊಳ್ಳಿ. ಅದರ ಮೇಲಿನ ಅಕ್ಷರಗಳನ್ನು ಫೋನಿನ ಹೆಬ್ಬೆರಳಿನಷ್ಟು ಗಾತ್ರಕ್ಕೆ ಇಳಿಸಿ ನೋಡಿ. ‘ಶ್ರೀ’ಯ ಒತ್ತು, ದೀರ್ಘ ಎರಡೂ ಕಾಣಬೇಕು. ಕಂತಿನ ಹೆಸರು, ವಿವರಣೆ ಯೂನಿಕೋಡಿನಲ್ಲೇ ಟೈಪಿಸಿ. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಪಠ್ಯ ನಿಮ್ಮ ಪರದೆಯಲ್ಲಿ ಚೆಂದ ಕಂಡರೂ ಆರ್‌ಎಸ್‌ಎಸ್ ಫೀಡಿನಲ್ಲಿ (ಪಾಡ್‌ಕಾಸ್ಟ್ ಆ್ಯಪ್‌ಗಳು ಕಂತುಗಳ ವಿವರ ಓದಿಕೊಳ್ಳುವ ಪಟ್ಟಿ) ಇಂಗ್ಲಿಷ್ ಅಕ್ಷರಗಳ ಕಸವಾಗುತ್ತದೆ. ಫೀಡಿನ ಭಾಷೆಯನ್ನು ಕನ್ನಡ ಎಂದು ಆರಿಸಲು ಮರೆಯಬೇಡಿ. ಸೇವೆಗಳು ತಾವಾಗಿಯೇ ಇಂಗ್ಲಿಷ್ ಹಾಕಿರುತ್ತವೆ. ಬಹಳ ಮಂದಿ ಇಂಗ್ಲಿಷ್ ಕೀಬೋರ್ಡಿನಲ್ಲೇ ಹುಡುಕುವುದರಿಂದ ನಟಿಯ ಮತ್ತು ಚಿತ್ರದ ಹೆಸರನ್ನು ವಿವರಣೆಯಲ್ಲಿ ಒಮ್ಮೆ ರೋಮನ್ ಲಿಪಿಯಲ್ಲೂ ಕೊಡಿ.

ವಿವರಣೆಯಲ್ಲಿ ಚರ್ಚಿಸಿದ ದೃಶ್ಯಗಳ ಸಮಯ ಬರೆಯಿರಿ, ಜೊತೆಗೆ ಅದು ಯಾವ ಪ್ರತಿಯದು, ಒಟ್ಟು ಎಷ್ಟು ನಿಮಿಷದ್ದು ಎಂದೂ ಬರೆಯಿರಿ. ಇಲ್ಲದಿದ್ದರೆ 139 ನಿಮಿಷದ ಪ್ರತಿ ಹಿಡಿದು ಕೂತವರಿಗೆ ನಿಮ್ಮ 133 ನಿಮಿಷದ ಗುರುತು ಕೊನೆಯ ರೀಲಿನಲ್ಲಿ ಐದು ನಿಮಿಷ ತಪ್ಪುತ್ತದೆ. ತಪ್ಪು ಸಿಕ್ಕಿದಾಗ ಧ್ವನಿ ಫೈಲನ್ನು ಬದಲಿಸಿ, ಆದರೆ ಕಂತನ್ನು ಅಳಿಸಿ ಹೊಸದಾಗಿ ಏರಿಸಬೇಡಿ. ಹಾಗೆ ಮಾಡಿದರೆ ಕಂತಿನ ಗುರುತುಸಂಖ್ಯೆ ಬದಲಾಗಿ, ಆಗಲೇ ಕೇಳಿದವರ ಫೋನಿಗೂ ಅದೇ ಕಂತು ಹೊಸದೆಂಬಂತೆ ಇನ್ನೊಮ್ಮೆ ಬಂದು ಕೂರುತ್ತದೆ.